ಅಡುಗೆ ಕೋಣೆಯ ಹೊಸಿಲು ದಾಟಲಿ ಮಕ್ಕಳು

ವಿಜ್ಞಾನದ ಪ್ರಯೋಗಾಲಯವಿಲ್ಲದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳು ನಮ್ಮ ಕಡೆ ಬೇಕಾದಷ್ಟಿವೆ. ಅಡುಗೆ ಕೋಣೆಯಿಲ್ಲದ ಹಳ್ಳಿ ಶಾಲೆ ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ಅಲ್ಲಿ ಬೆಂಕಿಯಿದೆ, ನೀರಿದೆ, ತಕ್ಕಡಿಯಿದೆ, ಅಳತೆಯ ಪಾತ್ರೆಗಳಿವೆ, ಧಾನ್ಯ ಬೇಳೆ ಎಣ್ಣೆ ಉಪ್ಪು ಎಲ್ಲ ಇವೆ. ಎಲ್ಲಕ್ಕಿಂತ ಹೆಚ್ಚಾಗಿ, ನೂರು ಜನಕ್ಕೆ ಸಾರು ಎಷ್ಟು ಎಸರಿನಲ್ಲಿ ಕುದಿಯಬೇಕು ಎಂಬುದನ್ನು ಕಣ್ಣಳತೆಯಲ್ಲೇ ಹೇಳಬಲ್ಲ ಹೆಂಗಸರಿದ್ದಾರೆ. ಇಷ್ಟೆಲ್ಲ ಇದ್ದೂ, ಆ ಕೋಣೆಗೂ ಪಾಠಕ್ಕೂ ಸಂಬಂಧವೇ ಇಲ್ಲವೆಂಬಂತೆ ನಾವು ಶಾಲೆ ನಡೆಸುತ್ತ ಬಂದಿದ್ದೇವೆ. ಮಕ್ಕಳಿಗೆ ಅಡುಗೆ ಕೋಣೆ ಎಂದರೆ ಮಧ್ಯಾಹ್ನ ತಟ್ಟೆ ಹಿಡಿದು ಸಾಲು ನಿಲ್ಲುವ ಜಾಗ. ಆ ಹೊಸಿಲಿನ ಆಚೆ ಏನು ನಡೆಯುತ್ತದೆ ಎಂಬುದು ಅವರ ಕಲಿಕೆಯ ಭಾಗವಲ್ಲ.

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನು. ಈಗ ಕೆಲವು ವರ್ಷಗಳಿಂದ ಶನಿವಾರದ ಬೆಳಗಿನ ಹೊತ್ತಿನಲ್ಲಿ ಆರು, ಏಳು, ಎಂಟನೇ ತರಗತಿಯ ಮಕ್ಕಳಿಗೆ ಅಡುಗೆ ಕಲಿಸುತ್ತಿದ್ದೇವೆ. 'ಕಲಿಸುತ್ತಿದ್ದೇವೆ' ಎಂದು ಬಹುವಚನದಲ್ಲಿ ಹೇಳಲು ಕಾರಣವಿದೆ. ಹೆಚ್ಚು ಕಲಿಸುವುದು ನಾನಲ್ಲ, ನಮ್ಮ ಬಿಸಿಯೂಟದ ಮುಖ್ಯ ಅಡುಗೆಯವರು.

ಬಿಸಿಯೂಟದ ಬಗ್ಗೆ ಮೊದಲು ಒಂದು ಮಾತು. ಬೇಯಿಸಿದ ಊಟವನ್ನೇ ಶಾಲೆಯಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶ ಮಾಡಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಬೀದರ್, ಕಲಬುರಗಿ, ರಾಯಚೂರು ಕಡೆಯ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಎಂಬ ಹೆಸರಿನಲ್ಲಿ ಬಿಸಿಯೂಟ ಶುರುವಾಗಿ, ಆಮೇಲೆ ಎಲ್ಲ ಕಡೆಗೂ ಹರಡಿತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು ಬಂತು. ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿಲೀಟರ್. 2021ರ ಡಿಸೆಂಬರಿನಲ್ಲಿ ಮೊಟ್ಟೆ ಮೊದಲು ಕಲ್ಯಾಣ ಕರ್ನಾಟಕದ ಕಡೆ ಬಂತು, ಆಮೇಲೆ ಇಡೀ ರಾಜ್ಯಕ್ಕೆ. 2024ರಲ್ಲಿ ರಾಗಿ ಮಾಲ್ಟ್ ಸೇರಿತು. ಬರಿಹೊಟ್ಟೆಯಲ್ಲಿ ಪ್ರಾರ್ಥನೆಗೆ ನಿಂತು ತಲೆ ಸುತ್ತಿ ಬೀಳುತ್ತಿದ್ದ ಮಕ್ಕಳನ್ನು ಕಂಡವರಿಗೆ ಈ ಪಟ್ಟಿಯ ಬೆಲೆ ಗೊತ್ತು. ಸರ್ಕಾರವೊಂದು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದಕ್ಕೆ ಮೇಲಿನ ಸಾಲಿನಲ್ಲೇ ಜಾಗ ಕೊಡುತ್ತೇನೆ.

ಆದರೆ ಉಣಿಸುವುದು ಒಂದು, ಊಟವನ್ನು ಅರಿಯುವಂತೆ ಮಾಡುವುದು ಇನ್ನೊಂದು. ಎರಡನೆಯದಕ್ಕೆ ನಾವು ಇನ್ನೂ ಕೈ ಹಾಕಿಲ್ಲ.

ನಮ್ಮ ಶಾಲೆಯಲ್ಲಿ ಮಕ್ಕಳನ್ನು ಅಡುಗೆ ಕೋಣೆಯಿಂದ ದೂರ ಇಟ್ಟಿದ್ದಕ್ಕೆ ಸುಮ್ಮನೆ ತಳ್ಳಿಹಾಕಲಾಗದ ಕಾರಣವಿತ್ತು. ತಮಿಳುನಾಡಿನ ಕುಂಭಕೋಣಂನಲ್ಲಿ 2004ರ ಜುಲೈ 16ರಂದು ಶಾಲೆಯ ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ಗರಿಯ ಚಾವಣಿಗೆ ಹಬ್ಬಿ 94 ಮಕ್ಕಳು ಸತ್ತರು. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯಲ್ಲಿ ಕೀಟನಾಶಕ ಬೆರೆತ ಊಟ ತಿಂದು 23 ಮಕ್ಕಳು ಪ್ರಾಣ ಬಿಟ್ಟರು. ಕುದಿಯುವ ಸಾಂಬಾರಿನ ಪಾತ್ರೆಗೆ ಮಗು ಬಿದ್ದ ಸುದ್ದಿ ನಮ್ಮ ರಾಜ್ಯದಿಂದಲೇ ಬಂದಿದೆ. ಆದ್ದರಿಂದ ಮಧ್ಯಾಹ್ನದ ಅಡುಗೆ ನಡೆಯುವಾಗ ಮಕ್ಕಳು ಆ ಕೋಣೆಗೆ ಕಾಲಿಡಬಾರದು. ಈ ನಿಯಮವನ್ನು ನಾನು ಒಂದು ದಿನವೂ ಸಡಿಲಿಸುವುದಿಲ್ಲ. ಅಡುಗೆಯ ಪಾಠಕ್ಕೆ ಬೇರೆ ಹೊತ್ತು, ಬೇರೆ ಒಲೆ, ಸಣ್ಣ ಪಾತ್ರೆ. ಬೆಂಕಿಯ ಹತ್ತಿರ ಒಂದು ಸಲಕ್ಕೆ ಇಬ್ಬರೇ ಮಕ್ಕಳು, ಅವರ ಪಕ್ಕದಲ್ಲಿ ಒಬ್ಬ ದೊಡ್ಡವರು. ಬೆಂಕಿಯಿದೆ ಎಂಬ ಹೆದರಿಕೆಯಿಂದ ಅಡುಗೆಯನ್ನೇ ಕಲಿಸದೆ ಬಿಟ್ಟರೆ, ಮನೆಯಲ್ಲಿ ಯಾರೂ ಇಲ್ಲದಾಗ ಅದೇ ಮಗು ಒಬ್ಬಂಟಿಯಾಗಿ ಗ್ಯಾಸ್ ಹಚ್ಚುತ್ತದೆ. ನನಗೆ ಹೆಚ್ಚು ಭಯವಾಗುವುದು ಅದನ್ನು ನೆನೆಸಿಕೊಂಡಾಗ.

ಶುರು ಮಾಡಿದ್ದು ಬೆಂಕಿಯಿಲ್ಲದ ಅಡುಗೆಯಿಂದ. ಕೋಸಂಬರಿ. ರಾಮನವಮಿಗೆ ತಿಂದು ಎಲ್ಲರಿಗೂ ಗೊತ್ತಿರುವ ತಿನಿಸು, ಆದ್ದರಿಂದ ಯಾರೂ ಅಂಜಲಿಲ್ಲ. ಮಕ್ಕಳು ಹೆಸರುಬೇಳೆಯನ್ನು ತಕ್ಕಡಿಯಲ್ಲಿ ತೂಗಿ ನೆನೆಸಿದರು, ನೆನೆದ ಮೇಲೆ ಬಸಿದು ಮತ್ತೆ ತೂಗಿದರು. ತೂಕ ಹೆಚ್ಚೂಕಡಿಮೆ ಎರಡರಷ್ಟಾಗಿತ್ತು. ಆ ಹೆಚ್ಚಿನ ತೂಕ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಮೊದಲು ಬಂದ ಉತ್ತರ 'ಬೇಳೆ ದಪ್ಪ ಆಯ್ತು ಸಾ' ಎಂಬುದು. ಬಟ್ಟಲಿನಲ್ಲಿ ಎಷ್ಟು ನೀರು ಕಡಿಮೆಯಾಗಿದೆ ಎಂದು ಅಳೆದು ನೋಡಿದಾಗ ಬೇರೆ ಉತ್ತರ ಹುಟ್ಟಿತು. ಹೆಚ್ಚಿದ ಸೌತೆಕಾಯಿಗೆ ಉಪ್ಪು ಬೆರೆಸಿ ಸ್ವಲ್ಪ ಹೊತ್ತು ಬಿಟ್ಟರೆ ತಳದಲ್ಲಿ ನೀರು ನಿಲ್ಲುತ್ತದೆ. ಅಭಿಸರಣೆ (ತೆಳು ಪೊರೆಯ ಮೂಲಕ ನೀರು ಉಪ್ಪು ಹೆಚ್ಚಿರುವ ಕಡೆಗೆ ಸರಿಯುವುದು) ಎಂಬ ಪದವನ್ನು ಕರಿಹಲಗೆಯ ಮೇಲೆ ಬರೆದು ಚಿತ್ರ ಬಿಡಿಸಿ ನಾನು ವರ್ಷಗಟ್ಟಲೆ ಹೇಳಿದ್ದೇನೆ. ಸೌತೆಕಾಯಿ ಬಿಟ್ಟ ನೀರನ್ನು ಕಂಡ ತರಗತಿಗೆ ಅದನ್ನು ಎರಡನೇ ಸಲ ಹೇಳಬೇಕಾಗಿ ಬರಲಿಲ್ಲ.

ಕೊನೆಗೆ ನಿಂಬೆಹಣ್ಣು ಹಿಂಡುವಾಗ ಅದನ್ನು ಯಾಕೆ ಹಿಂಡುತ್ತೇವೆ ಎಂದು ಕೇಳಿದೆ. ಹುಳಿಗೆ ಎಂದರು. ನಿಜವೇ. ಜೊತೆಗೆ ಇನ್ನೊಂದು ಲಾಭವಿದೆ: ಕಾಳು, ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣದಂಶವನ್ನು ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ; ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣಿನಲ್ಲಿರುವ ಸಿ ಜೀವಸತ್ವ ಜೊತೆಗಿದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಉಂಡ ಕೂಡಲೇ ಟೀ ಕುಡಿದರೆ ಇದರ ತಿರುವುಮುರುವು. ಇದು ನಮ್ಮೂರಿಗೆ ಬೇಕೇ ಬೇಕಾದ ತಿಳಿವಳಿಕೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ, ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಶಾಲೆಯಲ್ಲಿ ಕಬ್ಬಿಣದಂಶದ ಮಾತ್ರೆ ಕೊಡುತ್ತೇವೆ, ಅದು ಕೊಡಲೇಬೇಕಾದದ್ದು. ಆದರೆ ಮಾತ್ರೆ ನುಂಗಿದ ಮಗುವಿಗೆ ಹುರುಳಿ ಸಾರಿಗೆ ನಿಂಬೆ ಹಿಂಡಿಕೊಳ್ಳುವುದನ್ನೂ ಹೇಳಿಕೊಟ್ಟರೆ, ಅದು ಶಾಲೆ ಬಿಟ್ಟ ಮೇಲೂ ಅದರ ಜೊತೆಗಿರುತ್ತದೆ.

ಮೊಳಕೆಯ ಪಾಠ ನನಗೆ ತುಂಬ ಇಷ್ಟ. ರಾಗಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಡುತ್ತೇವೆ. ಬಿಳಿ ಮೊಳಕೆ ಇಣುಕಿದ ಮೇಲೆ ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸುತ್ತೇವೆ. ಆಮೇಲೆ ಎರಡು ಪಾತ್ರೆಯಲ್ಲಿ ಗಂಜಿ: ಒಂದರಲ್ಲಿ ಮಾಮೂಲಿ ರಾಗಿ ಹಿಟ್ಟು, ಇನ್ನೊಂದರಲ್ಲಿ ಮೊಳಕೆ ರಾಗಿಯ ಹಿಟ್ಟು. ನೀರು, ಹಿಟ್ಟು, ಕುದಿಸುವ ಹೊತ್ತು ಎಲ್ಲ ಸಮ. ಮೊದಲನೆಯದು ಗಟ್ಟಿಯಾಗಿ ಸೌಟಿಗೆ ಅಂಟಿಕೊಳ್ಳುತ್ತದೆ, ಎರಡನೆಯದು ತೆಳ್ಳಗೆ ಹರಿಯುತ್ತದೆ. ಮೊಳಕೆ ಒಡೆಯುವಾಗ ಬೀಜದಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆದುಹಾಕುವುದರಿಂದ ಹೀಗಾಗುತ್ತದೆ. ಹಾಗಾಗಿ ಎಳೆಗೂಸು ನುಂಗುವಷ್ಟು ತೆಳುವಾಗಿಯೇ ಇಟ್ಟುಕೊಂಡು ಹೆಚ್ಚು ಹಿಟ್ಟು ಹಾಕಿ ಬೇಯಿಸಬಹುದು, ಒಂದೇ ಬಟ್ಟಲಿನಲ್ಲಿ ಹೆಚ್ಚು ಶಕ್ತಿ ಕೊಡಬಹುದು. ಕೂಸಿಗೆ ಉಣಿಸುವ 'ರಾಗಿ ಸರಿ' ಮಾಡುವ ಅಜ್ಜಿಯರು ಕಿಣ್ವದ ಹೆಸರು ಕೇಳಿದವರಲ್ಲ, ಆದರೆ ಕೆಲಸವನ್ನು ಪೂರ್ತಿ ಬಲ್ಲವರು. ಮನೆಯಲ್ಲಿ ಪುಟ್ಟ ತಮ್ಮ, ತಂಗಿ ಇದ್ದ ಮಕ್ಕಳು ಆ ಹಿಟ್ಟನ್ನು ಕಾಗದದಲ್ಲಿ ಕಟ್ಟಿಕೊಂಡು ಹೋದರು.

ರಾಗಿಯ ಬಗ್ಗೆ ನಮ್ಮ ಮಕ್ಕಳಿಗೆ ಇದ್ದ ನಾಚಿಕೆ ನನ್ನನ್ನು ಬಹಳ ಕಾಲ ಕಾಡಿದೆ. ಸೀಮೆಗೇ ರಾಗಿ ಸೀಮೆ ಎನ್ನುತ್ತೇವೆ. ಶಾಲೆಗೆ ಬರುವುದು ಆಹಾರ ನಿಗಮದ ಗೋದಾಮಿನ ಅಕ್ಕಿ. ಅನ್ನ ಉಣ್ಣುವವರು ಮೇಲು, ಮುದ್ದೆ ಉಣ್ಣುವವರು ಕೀಳು ಎಂಬ ಹಳೆಯ ತಾರತಮ್ಯ ಇನ್ನೂ ಸತ್ತಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು ಎಂದು ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲೂ ಬರೆಯುತ್ತಾರೆ. ಅಂಕಿಯಿಂದ ನಾಚಿಕೆ ಹೋಗುವುದಿಲ್ಲ. ಅದು ಕರಗಲು ಶುರುವಾಗಿದ್ದು ರಾಗಿಯ ಹಿಂದಿನ ಕಥೆ ಹೇಳಿದಾಗ. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂತು ಲಕ್ಷ್ಮಣಯ್ಯ ಎಂಬ ವಿಜ್ಞಾನಿ ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದರು. ರಾಗಿಯ ಹೂವು ಎಷ್ಟು ಸಣ್ಣದೆಂದರೆ, ಅದರಲ್ಲಿ ಗಂಡು ಭಾಗ ತೆಗೆದು ಪರಕೀಯ ಪರಾಗ ಸೇರಿಸುವುದು ಕಣ್ಣಿಗೂ ಕೈಗೂ ಸತ್ವಪರೀಕ್ಷೆ. ತೆನೆ ಹೂ ಬಿಡುವ ಹೊತ್ತಿಗೆ ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಭೂತಗನ್ನಡಿ ಕೈಗೆ ಕೊಟ್ಟೆ. 'ಇದರಾಗೆ ಹೆಂಗ್ ಸಾ ಕೈ ಹಾಕಿದ್ರು?' ಎಂದು ಒಬ್ಬಳು ಕೇಳಿದಳು. ನಾವು ದಿನಾ ಉಣ್ಣುವ ಮುದ್ದೆಯ ಹಿಂದೆ ಹೀಗೊಬ್ಬರು ವಿಜ್ಞಾನಿ ಇದ್ದರು ಎಂಬ ವಿಷಯ ಆ ಸಂಜೆ ಹಲವು ಮನೆಗಳನ್ನು ತಲುಪಿತು. ಮಾರನೆಯ ದಿನ ಅಪ್ಪಂದಿರಿಂದ ಕೇಳಿ ತಿಳಿದುಕೊಂಡು ಬಂದ ತಳಿಯ ಹೆಸರುಗಳು ತರಗತಿಯಲ್ಲಿ ಸುರಿದವು: ಜಿಪಿಯು-28, ಎಂಎಲ್-365.

ಹೊಲಕ್ಕೆ ಹೋದಾಗ ಇನ್ನೊಂದು ಕಂಡಿತು. ಹಳೆಯ ಪದ್ಧತಿಯಲ್ಲಿ ಬಿತ್ತುವ ಒಂದೆರಡು ಹೊಲಗಳಲ್ಲಿ ಇನ್ನೂ ಅಕ್ಕಡಿ ಸಾಲುಗಳಿವೆ. ರಾಗಿಯ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಅಲ್ಲೊಂದು ಇಲ್ಲೊಂದು ಜೋಳ. ಹೊಲದ ಬದುವಿನಲ್ಲಿ ಮಕ್ಕಳನ್ನು ಕೂರಿಸಿ, ಈ ಹೊಲದಿಂದ ಒಂದು ಊಟ ಕಟ್ಟಿ ನೋಡೋಣ ಎಂದೆ. ರಾಗಿಗೆ ಮುದ್ದೆ. ತೊಗರಿ, ಅವರೆಗೆ ಸಾರು. ಹುಚ್ಚೆಳ್ಳಿಗೆ ಚಟ್ನಿಪುಡಿ. ಸಾಸಿವೆಗೆ ಒಗ್ಗರಣೆ. ಸೊಪ್ಪು ಬದುವಿನಲ್ಲೇ ಇದೆ. ಉಪ್ಪು ಮಾತ್ರ ಅಂಗಡಿಯಿಂದ ಬರಬೇಕು. ಧಾನ್ಯದಲ್ಲಿ ಕೊರತೆಯಾದ ಪ್ರೋಟೀನಿನ ಅಂಶವನ್ನು ಕಾಳು ತುಂಬುತ್ತದೆ, ಕಾಳಿನ ಕೊರತೆಯನ್ನು ಧಾನ್ಯ ತುಂಬುತ್ತದೆ ಎಂದು ಪುಸ್ತಕದಲ್ಲಿ ಓದುವುದನ್ನು ಬೇಸಾಯಗಾರರು ಬಿತ್ತನೆಯಲ್ಲೇ ಮಾಡಿಟ್ಟಿದ್ದಾರೆ. ಸಮತೋಲನ ಆಹಾರ ಎಂದು ಚಾರ್ಟಿನಲ್ಲಿ ಸೇಬು, ಬ್ರೆಡ್ಡು, ಚೀಸಿನ ಚಿತ್ರ ಅಂಟಿಸುವ ಬದಲು ಅಕ್ಕಡಿ ಹೊಲದ ಚಿತ್ರ ಬರೆಸುವುದು ಆವತ್ತಿನಿಂದ ನಮ್ಮ ಶಾಲೆಯ ರೂಢಿ. ಶಾಲೆಯ ಹಿಂದಿನ ಸಣ್ಣ ಕೈತೋಟದಲ್ಲೂ ಮಕ್ಕಳು ಒಂದು ಪಟ್ಟೆಯಲ್ಲಿ ಅಕ್ಕಡಿ ಹಾಕುತ್ತಾರೆ.

ಸೊಪ್ಪಿನ ದಿನಕ್ಕೆ ಗುರು ನಮ್ಮ ಅಡುಗೆಯವರೇ. ಮಳೆ ಬಿದ್ದು ವಾರ ಹತ್ತು ದಿನ ಕಳೆದ ಮೇಲೆ ಬದುಗಳಲ್ಲಿ ಬೆರಕೆ ಸೊಪ್ಪು ಏಳುತ್ತದೆ: ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನ್ನೆ, ಗಣಿಕೆ, ಕನ್ನೆ, ಮುಳ್ಳುಕೀರೆ. ಅವರು ಹೇಳಿಕೊಟ್ಟ ಕಟ್ಟುಪಾಡುಗಳನ್ನು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾರೆ. ಬೇರು ಸಮೇತ ಕೀಳಬಾರದು, ಕುಡಿ ಮಾತ್ರ ಚಿವುಟಬೇಕು. ಗುರುತಿಲ್ಲದ ಗಿಡಕ್ಕೆ ಕೈ ಹಾಕಬಾರದು. ಇಬ್ಬರು ದೊಡ್ಡವರು ಹೌದೆಂದರೆ ಮಾತ್ರ ಮಡಿಲಿಗೆ. ಕಳೆನಾಶಕ ಹೊಡೆದ ಹೊಲದ ಹತ್ತಿರ ಹೋಗಲೇಬಾರದು. ಈ ಕೊನೆಯದು ಅವರ ಅಮ್ಮ ಹೇಳಿಕೊಟ್ಟದ್ದಲ್ಲ, ಈ ಕಾಲಕ್ಕೆ ಅವರೇ ಸೇರಿಸಿದ್ದು. ವರ್ಷದಿಂದ ವರ್ಷಕ್ಕೆ ಸೊಪ್ಪು ಕೀಳಲು ಹೋಗಬಹುದಾದ ಬದುಗಳು ಕಡಿಮೆಯಾಗುತ್ತಿರುವುದನ್ನು ಮಕ್ಕಳೇ ನಕ್ಷೆ ಬರೆದು ತೋರಿಸಿದ್ದಾರೆ.

ಆ ಸೊಪ್ಪಿನಲ್ಲಿ ಬಸ್ಸಾರು. ಅಡುಗೆ ಕಲಿಸುವವರು ಒಂದೇ ಒಂದು ಅಡುಗೆ ಆರಿಸಿಕೊಳ್ಳಬೇಕೆಂದರೆ ನಾನು ಬಸ್ಸಾರನ್ನೇ ಹೇಳುತ್ತೇನೆ. ಕಾಳು, ಸೊಪ್ಪು ಬೇಯಿಸಿ ಕಟ್ಟನ್ನು ಬಸಿಯುತ್ತೇವೆ. ಆ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಒಣಮೆಣಸಿನಕಾಯಿ, ಜೀರಿಗೆ, ಹುಣಸೆಹಣ್ಣು, ಒಂದು ಹಿಡಿ ಬೆಂದ ಕಾಳುಸೊಪ್ಪು ಸೇರಿಸಿ ರುಬ್ಬಿದ ಖಾರ ಬಿದ್ದರೆ ಸಾರು. ಮಿಕ್ಕ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಬೇಯಿಸಿದ ನೀರಿಗೆ ಇಳಿದ ಸತ್ವ ಒಂದು ತೊಟ್ಟೂ ಚರಂಡಿಗೆ ಹೋಗುವುದಿಲ್ಲ. ಒಂದೇ ಸೌದೆಯಲ್ಲಿ ಎರಡು ಅಡುಗೆ. ಸೊಪ್ಪು ಬೇಯಿಸಿದ ನೀರು ಚೆಲ್ಲಬೇಡಿ, ಅದರಲ್ಲಿ ನೀರಿನಲ್ಲಿ ಕರಗುವ ಜೀವಸತ್ವಗಳಿವೆ ಎಂದು ಏಳನೇ ತರಗತಿಗೆ ಹೇಳಿದಾಗ ಹಿಂದಿನ ಬೆಂಚಿನ ಹುಡುಗ ಎದ್ದು, 'ಚೆಲ್ಲಿದ್ರೆ ಸಾರು ಯಾವುದ್ರಲ್ಲಿ ಮಾಡೋದು ಸಾ?' ಎಂದ. ಅವನ ಮನೆಯಲ್ಲಿ ಆ ನೀರನ್ನು ಚೆಲ್ಲುವ ಯೋಚನೆಯೇ ಯಾರಿಗೂ ಬಂದಿಲ್ಲ. ಅವನ ಮಾತನ್ನು ಹಾಗೇ ಹಲಗೆಯ ಮೇಲೆ ಬರೆದೆ.

ಇನ್ನು ಮುದ್ದೆ. ಇದಕ್ಕೆ ಬಲ ಬೇಕು, ಹದ ಬೇಕು, ಆತುರ ಕೂಡದು. ಎಸರಿಗೆ ಚಿಟಿಕೆ ಹಿಟ್ಟು ಕದಡಿ ಬಿಡಬೇಕು. ಕುದಿ ಬಂದಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ತಕ್ಷಣ ಕಲಕದೆ, ಕೋಲಿನಿಂದ ತೂತು ಮಾಡಿ ಸಣ್ಣ ಉರಿಯಲ್ಲಿ ಬೇಯಲು ಬಿಡಬೇಕು. ಆಮೇಲೆ ಪಾತ್ರೆಯನ್ನು ಕವೆಯಲ್ಲಿ ಅದುಮಿ ಹಿಡಿದು ಗಂಟಿಲ್ಲದಂತೆ ತೊಳಸಬೇಕು. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ. ತೊಳಸುವ ಸರದಿ ಗಂಡುಹುಡುಗರಿಗೆ ಮೊದಲು ಎಂದು ನಾವು ನಿಶ್ಚಯಿಸಿಕೊಂಡೆವು. ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ಮಂದಿ ಮನೆಯಲ್ಲಿ ಈಗಾಗಲೇ ಮಾಡುತ್ತಿದ್ದವರು. ಅವರಿಗೆ ಅಡುಗೆ ಪಾಠವಾಗಿರಲಿಲ್ಲ, ಸಂಜೆಯ ದುಡಿಮೆಯಾಗಿತ್ತು. ಅಡುಗೆಯ ತರಗತಿ ಅವರ ಮೇಲೆ ಇನ್ನಷ್ಟು ಕೆಲಸ ಹೇರುವಂತಾದರೆ ಅದನ್ನು ನಿಲ್ಲಿಸುವುದೇ ಮೇಲು. ಆದ್ದರಿಂದ ಶನಿವಾರ ಅವರು ಹೇಳಿಕೊಡುವವರು, ಹುಡುಗರು ಮಾಡುವವರು. ಪಾತ್ರೆ ತೊಳೆಯುವುದು, ನೆಲ ಸಾರಿಸುವುದು ಹುಡುಗರ ಪಾಲಿಗೆ ಮೊದಲು.

ಇದಕ್ಕೆ ಆಕ್ಷೇಪ ಬರದೆ ಇರಲಿಲ್ಲ. ಪೋಷಕರ ಸಭೆಯಲ್ಲಿ ಒಬ್ಬರು, 'ಸಾ, ನಮ್ ಹುಡ್ಗ ಒಲೆ ಮುಂದೆ ಕೂರ್ಲಿ ಅಂತ ಸ್ಕೂಲಿಗೆ ಕಳ್ಸಿದ್ವಾ?' ಎಂದು ಎದ್ದು ನಿಂತರು. ನಾನು ಬಾಯಿ ತೆರೆಯುವ ಮೊದಲೇ ಹೆಂಗಸರ ಸಾಲಿನಿಂದ ಉತ್ತರ ಬಂತು: 'ನಾವು ಗಾರ್ಮೆಂಟ್ಸಿಗೆ ಹೋಗಿ ಬರೋದು ರಾತ್ರಿ ಆಯ್ತದೆ ಕಣಣ್ಣ. ಅಲ್ಲೀಗಂಟ ಅವನು ಹಸ್ಕೊಂಡು ಕೂರ್ತಾನಲ್ಲ, ಅದ್ಕೇನ್ ಮಾಡ್ತೀಯಾ?'

ಆ ಹೆಂಗಸಿನ ಮಾತಿನಲ್ಲಿ ನಮ್ಮ ಹಳ್ಳಿಗಳ ಇವತ್ತಿನ ಸ್ಥಿತಿ ಪೂರ್ತಿ ಇದೆ. ಅಮ್ಮಂದಿರು ಅಡುಗೆ ಮರೆತರು, ಅದಕ್ಕೇ ಮಕ್ಕಳು ಪೊಟ್ಟಣದ ತಿಂಡಿಗೆ ಬಿದ್ದರು ಎಂದು ವೇದಿಕೆಯ ಮೇಲೆ ಮಾತಾಡುವವರು ಬೆಳಗಾಗುತ್ತಲೇ ಗಾರ್ಮೆಂಟ್ಸ್ ವ್ಯಾನು ಹತ್ತುವ ಹೆಂಗಸರನ್ನು ಒಮ್ಮೆ ನೋಡಬೇಕು. ಅವರು ಸೋಮಾರಿಗಳಲ್ಲ, ಅವರಿಗೆ ಸಮಯವಿಲ್ಲ. ಸಂಜೆ ನಾಲ್ಕೂವರೆಗೆ ಮನೆಗೆ ಬರುವ ಮಗುವಿನ ಕೈಗೆ ಹತ್ತು ರೂಪಾಯಿ ಕೊಟ್ಟು ಹೋಗಿರುತ್ತಾರೆ, ಆ ಹತ್ತು ರೂಪಾಯಿಗೆ ಅಂಗಡಿಯಲ್ಲಿ ಸಿಗುವುದು ಪೊಟ್ಟಣವೇ. ಹುರಿಹಿಟ್ಟಿಗೆ ಬೆಲ್ಲ, ಮಜ್ಜಿಗೆ ಕಲಸಿಕೊಳ್ಳಲು, ಅವಲಕ್ಕಿ ನೆನೆಸಿ ಒಗ್ಗರಣೆ ಹಾಕಲು, ಮೊಟ್ಟೆ ಬೇಯಿಸಲು ಹನ್ನೆರಡು ವರ್ಷದ ಹುಡುಗನಿಗೆ ಬಂದರೆ ಅದೇ ಮನೆಯ ಸಂಜೆ ಬೇರೆಯಾಗುತ್ತದೆ. ಇಷ್ಟು ಬಂದರೂ ಸಾಕು ಎಂಬುದು ನಮ್ಮ ಶನಿವಾರಗಳ ಅಳತೆಗೋಲು.

ಪೊಟ್ಟಣವನ್ನು ತಿನ್ನಬೇಡಿ ಎಂದು ಬೈದು ಪ್ರಯೋಜನವಿಲ್ಲ. ಓದುವುದನ್ನು ಕಲಿಸಬಹುದು. ಪೊಟ್ಟಣದ ಹಿಂದೆ ಬರೆದಿರುವ ಪದಾರ್ಥಗಳ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು ಬರಬೇಕೆಂಬ ಕಾನೂನಿದೆ. ಇದೊಂದು ಗೊತ್ತಾದರೆ ಸಾಕು. ಮುಂದೆ ತೆನೆಯ ಚಿತ್ರವಿರುವ ಬಿಸ್ಕತ್ತಿನ ಹಿಂದೆ ಮೈದಾ, ಸಕ್ಕರೆ, ತಾಳೆಣ್ಣೆ ಮೊದಲಿದ್ದು ರಾಗಿ ಎಷ್ಟನೆಯದು ಎಂದು ಮಗುವೇ ಎಣಿಸಿ ಹೇಳುತ್ತದೆ. ತೊಡಕೆಂದರೆ ಆ ಪಟ್ಟಿ ಇರುವುದು ಇಂಗ್ಲಿಷಿನಲ್ಲಿ, ಅದೂ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಕನ್ನಡ ಮಾಧ್ಯಮದ ಮಗು ಏನು ತಿನ್ನುತ್ತಿದೆ ಎಂಬುದು ಅದಕ್ಕೆ ತಿಳಿಯಬಾರದೆಂದೇ ಯಾರೋ ತೀರ್ಮಾನ ಮಾಡಿದಂತಿದೆ. ಕರ್ನಾಟಕದಲ್ಲಿ ಮಾರುವ ತಿಂಡಿಯ ಮೇಲೆ ಕನ್ನಡದಲ್ಲಿ ಪದಾರ್ಥಗಳ ಪಟ್ಟಿ ಇರಲೇಬೇಕು ಎಂದು ನಾವು ಗಟ್ಟಿಯಾಗಿ ಕೇಳಬೇಕು. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಗಳನ್ನು ಶಾಲೆಯೊಳಗೆ, ಗೇಟಿನಿಂದ 50 ಮೀಟರಿನೊಳಗೆ ಮಾರಬಾರದು ಎಂಬ ನಿಯಮ 2020ರಲ್ಲೇ ಪ್ರಕಟವಾಗಿದೆ. ಗೇಟಿನ ಎದುರಿನ ಅಂಗಡಿಗೆ ಅದು ತಲುಪಿಲ್ಲ.

ಒಳ್ಳೆಯ ಊಟ ಎಂದಾಗ ನಾವು ಶಿಕ್ಷಕರು ಬಹಳ ಸಲ ಒಂದು ಬಗೆಯ ಮನೆಯ ಊಟವನ್ನಷ್ಟೇ ನೆನೆಸಿಕೊಳ್ಳುತ್ತೇವೆ. 'ನಮ್ಮ ಮನೆಯ ವಿಶೇಷ ಅಡುಗೆ' ಎಂದು ಬರೆಯಲು ಕೊಟ್ಟಾಗ ಹೋಳಿಗೆ, ಕಡುಬು, ಪಾಯಸ ಪುಟ ತುಂಬಿದವು. ಕೆಲವು ಮಕ್ಕಳು ಪೆನ್ನು ಕಚ್ಚುತ್ತ ಸುಮ್ಮನೆ ಕೂತಿದ್ದರು. ಅವರ ಮನೆಯ ವಿಶೇಷವೆಂದರೆ ಕೆರೆ ಮೀನಿನ ಸಾರು, ಗದ್ದೆಯ ಏಡಿ, ಒಣಮೀನು, ಹಬ್ಬದ ಮಾರನೆಯ ದಿನದ ತಲೆಕಾಲು. ಅದನ್ನು ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆಯಬಹುದೋ ಇಲ್ಲವೋ ಎಂಬ ಅಂಜಿಕೆ. ಬರೆಯಬಹುದು, ಬರೆಯಬೇಕು ಎಂದು ಬಾಯಿಬಿಟ್ಟು ಹೇಳುವುದು ಶಿಕ್ಷಕನ ಕೆಲಸ. ಏಡಿಯನ್ನು ಬಿಲದಿಂದ ಹೇಗೆ ಹಿಡಿಯುತ್ತಾರೆ, ಯಾವ ತಿಂಗಳಲ್ಲಿ ಹಿಡಿಯಬಾರದು, ಯಾಕೆ ಎಂದು ಒಬ್ಬ ಹುಡುಗ ಬರೆದದ್ದನ್ನು ನಾನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಮೊಟ್ಟೆಯ ವಿಷಯದಲ್ಲೂ ಅಷ್ಟೇ. ತಿನ್ನುವವರಿಗೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಎಂಬ ಸರ್ಕಾರದ ಏರ್ಪಾಡು ಸರಿಯಾಗಿದೆ. ಮೊಟ್ಟೆ ತಿನ್ನುವ ಮಗು ತಲೆತಗ್ಗಿಸಿ ತಿನ್ನುವಂತೆ ಮಾಡುವ ಯಾವ ಮಾತನ್ನೂ ಶಾಲೆಯಲ್ಲಿ ಯಾರೂ ಆಡಕೂಡದು.

ಇದಕ್ಕಿಂತ ಕಹಿಯಾದ ಇನ್ನೊಂದಿದೆ. ಪರಿಶಿಷ್ಟ ಜಾತಿಯ ಹೆಂಗಸು ಅಡುಗೆ ಮಾಡುತ್ತಾರೆಂದು ಬಿಸಿಯೂಟ ಬಿಡಿಸಿದ, ಶಾಲೆಯಿಂದಲೇ ಮಕ್ಕಳನ್ನು ಕರೆದುಕೊಂಡು ಹೋದ ಘಟನೆಗಳು ನಮ್ಮ ರಾಜ್ಯದಲ್ಲೇ ಮತ್ತೆ ಮತ್ತೆ ನಡೆದಿವೆ. ಇಂಥ ವಿಷಯಕ್ಕೆ ಭಾಷಣದಿಂದ ಆಗುವ ಪರಿಣಾಮ ಕಡಿಮೆ ಎಂಬುದು ನನ್ನ ಅನುಭವ. ಕೂಡಿ ಹೆಚ್ಚಿದ, ಕೂಡಿ ರುಬ್ಬಿದ, ಹತ್ತು ಮನೆಯ ಹತ್ತು ಕೈ ತಾಗಿದ ಸಾರನ್ನು ಉಂಡ ಮಗುವಿಗೆ ಯಾರ ಕೈ ಎಲ್ಲಿ ತಾಗಿತು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಮನೆಯಲ್ಲಿ ಕೇಳಿದರೆ 'ನಾವೇ ಮಾಡಿದ್ದು' ಎನ್ನುತ್ತದೆ. ನಾನು ಅಡುಗೆ ಕಲಿಸಲು ಹೊರಟಿದ್ದು ಪೌಷ್ಟಿಕತೆಗಾಗಿ. ಅದನ್ನು ಬಿಡದೆ ಮುಂದುವರಿಸುತ್ತಿರುವುದಕ್ಕೆ ಇದು ದೊಡ್ಡ ಕಾರಣ.

ಜಪಾನಿನ ಶಾಲೆಗಳಲ್ಲಿ ಮಧ್ಯಾಹ್ನದ ಊಟವನ್ನು ಮಕ್ಕಳೇ ಬಡಿಸುತ್ತಾರೆ, ಊಟವೂ ಪಾಠದ ಭಾಗ. ಐದನೇ ತರಗತಿಯಿಂದ ಹುಡುಗ ಹುಡುಗಿಯರಿಬ್ಬರೂ ಅಡುಗೆ, ಹೊಲಿಗೆ ಕಲಿಯುತ್ತಾರೆ. ಆಹಾರ ಶಿಕ್ಷಣಕ್ಕೆಂದೇ 2005ರಲ್ಲಿ ಅಲ್ಲಿ ಕಾನೂನು ಮಾಡಿದ್ದಾರೆ. ನಮಗೆ ಅಷ್ಟು ದೂರ ಹೋಗಿ ಕಲಿಯುವ ಅಗತ್ಯವಿಲ್ಲ. ಬ್ಯಾಗಿಲ್ಲದ ದಿನಗಳಿರಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. ಮಕ್ಕಳ ಸಂತೆ ಎಷ್ಟೋ ಶಾಲೆಗಳಲ್ಲಿ ಈಗಾಗಲೇ ನಡೆಯುತ್ತದೆ. ಸಂತೆಯಲ್ಲಿ ಪೇಟೆಯಿಂದ ತಂದ ಕುರುಕಲು ಮಾರುವುದನ್ನು ಬಿಟ್ಟು ಹಿತ್ತಲಿನ ನುಗ್ಗೆ, ಸೀಬೆ, ಹಲಸಿನ ತೊಳೆ, ಸೊಗಡಿನ ಅವರೆಕಾಯಿ ಮಾರಿಸಿದರೆ ಅರ್ಧ ಪಾಠ ಆದಂತೆಯೇ. ಕೆಂಪು ತೊಳೆಯ ಸಿದ್ದು ಹಲಸು ಹೆಸರಾದದ್ದು ನಮ್ಮ ಜಿಲ್ಲೆಯ ಚೇಳೂರಿನಿಂದ. ಅದರ ಒಂದೇ ತೊಳೆ ತಿಂದ ಮಗು ಹಲಸನ್ನು ಮತ್ತೆ ಕಡೆಗಣಿಸುವುದಿಲ್ಲ.

ಸರ್ಕಾರದಿಂದ ನನಗೆ ಬೇಕಾದ್ದು ಎರಡು. ನೂರು ಚಿಕ್ಕ ಮಕ್ಕಳಿಗೆ ದಿನಕ್ಕೆ 10 ಕೆ.ಜಿ. ಅಕ್ಕಿ, 2 ಕೆ.ಜಿ. ಬೇಳೆ, 5 ಕೆ.ಜಿ. ತರಕಾರಿ, ಅರ್ಧ ಕೆ.ಜಿ. ಎಣ್ಣೆ ಎಂಬ ಲೆಕ್ಕವಿದೆ. ಆ 5 ಕೆ.ಜಿ. ತರಕಾರಿ ಬಹುತೇಕ ದಿನ ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಕೋಸು, ಆಲೂಗಡ್ಡೆ. ಅಕ್ಕಿಯ ಒಂದು ಪಾಲನ್ನು ನಮ್ಮ ಕಡೆ ರಾಗಿಯಾಗಿ, ಬಡಗಣ ಜಿಲ್ಲೆಗಳಲ್ಲಿ ಜೋಳವಾಗಿ, ತರಕಾರಿಯ ಒಂದು ಪಾಲನ್ನು ಊರಿನ ರೈತರಿಂದಲೇ ಕೊಳ್ಳಲು ಶಾಲೆಗೆ ಅಧಿಕಾರ ಕೊಡಿ. ಬೆಂಬಲ ಬೆಲೆಗೆ ಕೊಂಡ ರಾಗಿಯನ್ನು ಪಡಿತರದಲ್ಲಿ ಮನೆಗಳಿಗೆ ಹಂಚುವ ಸರ್ಕಾರಕ್ಕೆ ಅದನ್ನು ಶಾಲೆಗೆ ತಲುಪಿಸುವುದು ಆಗದ ಕೆಲಸವಲ್ಲ. ಎರಡನೆಯದು ಅಡುಗೆಯವರದ್ದು. ಅವರನ್ನು ನೌಕರರೆಂದು ಕರೆಯುವುದಿಲ್ಲ, ಕೊಡುವ ದುಡ್ಡಿಗೂ ಗೌರವಧನ ಎಂದೇ ಹೆಸರು. ವಾರಕ್ಕೆ ಒಂದು ಅವಧಿಯನ್ನು ವೇಳಾಪಟ್ಟಿಯಲ್ಲಿ ಅವರಿಗೆ ಬರೆದುಕೊಡಿ, ಅದಕ್ಕೆ ಬೇರೆ ಹಣ ಕೊಡಿ. ನಮ್ಮ ಅಡುಗೆಯವರು ಮೊದಲ ಸಲ ತರಗತಿಯೊಳಗೆ ಬಂದಾಗ ಮಕ್ಕಳು ಎದ್ದುನಿಂತು ನಮಸ್ಕಾರ ಹೇಳಿದರು. ಅವರು ಸೆರಗು ಸರಿಮಾಡಿಕೊಂಡು, 'ಕೂತ್ಕಳಿ, ಕೂತ್ಕಳಿ. ಮೊದ್ಲು ಕೈ ತೊಳ್ಕಂಡ್ರೇನು ಎಲ್ರೂ?' ಎಂದು ಪಾಠಕ್ಕೇ ಇಳಿದರು.

ಸದ್ಯಕ್ಕೆ ನಮಗಿರುವ ತೊಂದರೆ ಒಲೆಯ ಎತ್ತರದ್ದು. ದೊಡ್ಡವರ ಸೊಂಟಕ್ಕೆ ಬರುವ ಕಟ್ಟೆಯ ಮೇಲಿಟ್ಟ ಪಾತ್ರೆಯಲ್ಲಿ ಮುದ್ದೆ ತೊಳಸಲು ಆರನೇ ತರಗತಿಯವರ ಕೈಗೆ ಬಲ ಸಿಗುವುದಿಲ್ಲ, ಸ್ಟೂಲಿನ ಮೇಲೆ ನಿಲ್ಲಿಸುವುದು ಅಪಾಯ. ಹೊಂಗೆ ಮರದ ಆಚೆ, ಕೊಳಾಯಿಯ ಹತ್ತಿರ, ಮಕ್ಕಳ ಮೊಣಕಾಲೆತ್ತರಕ್ಕೆ ಒಂದು ತಗ್ಗು ಕಟ್ಟೆ, ಮೇಲೆ ತಗಡಿನ ಚಾವಣಿ, ಪಕ್ಕದಲ್ಲಿ ಮರಳಿನ ಬಕೆಟ್ಟು: ಇಷ್ಟಕ್ಕೆ ನಮ್ಮ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಒಪ್ಪಿದೆ. ಗಾರೆಯವರು ಹಳೆಯ ವಿದ್ಯಾರ್ಥಿಯೊಬ್ಬನ ತಂದೆ, ಕೂಲಿ ಬೇಡ ಎಂದಿದ್ದಾರೆ. ಅವರೆಕಾಯಿ ಸಂತೆಗೆ ಬರುವ ಮೊದಲು ಕಟ್ಟೆ ಒಣಗಿರಬೇಕು ಎಂಬುದು ಅಡುಗೆಯವರ ತಾಕೀತು; ಹಿತಕಿದ ಬೇಳೆಯ ಸಾರನ್ನು ಈ ಸಲ ಏಳನೇ ತರಗತಿಯ ಹುಡುಗರಿಂದಲೇ ಮಾಡಿಸುತ್ತಾರಂತೆ.